ಡಿಸಬಿಲಿಟಿ ಹಣ ಬರುತ್ತಿರುವಾಗ ವಾರಕ್ಕೆ 15 ಗಂಟೆ ಕೆಲಸ ಮಾಡಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನನಗೆ 43 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಡಬೇಕಾಯಿತು. ಮೂರು ವರ್ಷಗಳಿಂದ ಎಸ್‌ಎಸ್‌ಡಿಐ ಬರುತ್ತಿದೆ (ಕಾಯಿಲೆಯಿಂದ ದುಡಿಯಲಾಗದವರಿಗೆ ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಸಂಸ್ಥೆ ಕೊಡುವ ಹಣ), ತಿಂಗಳಿಗೆ 2,140 ಡಾಲರ್. ಮಗಳ ಹೆಸರಿನಲ್ಲೂ ಸ್ವಲ್ಪ ಬರುತ್ತದೆ. ಈಗ ಮನೆ ಹತ್ತಿರದ ಅಕೌಂಟಿಂಗ್ ಆಫೀಸಿನವರು ಗಂಟೆಗೆ 22 ಡಾಲರಿನಂತೆ ವಾರಕ್ಕೆ 15 ಗಂಟೆ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಮಾಡಬೇಕೆಂಬ ಆಸೆ ತುಂಬ ಇದೆ. ಆದರೆ ನಮ್ಮ ಮನೆಯವರು, 'ಕೆಲಸ ಮಾಡಬಲ್ಲೆ ಅಂತ ಗೊತ್ತಾದರೆ ಬರುವುದನ್ನೆಲ್ಲ ನಿಲ್ಲಿಸುತ್ತಾರೆ, ಮೆಡಿಕೇರೂ (ಸರ್ಕಾರಿ ಆರೋಗ್ಯ ವಿಮೆ) ಹೋಗುತ್ತದೆ' ಅನ್ನುತ್ತಾರೆ. ಪರಿಚಯದವರೊಬ್ಬರು ಸಂಬಳವನ್ನು ಕ್ಯಾಶ್‌ನಲ್ಲಿ ತಗೊಂಡುಬಿಡಿ ಅಂದರು. ಏನು ಮಾಡಲಿ?

ಉತ್ತರ: ಕೆಲಸ ಒಪ್ಪಿಕೊಳ್ಳಿ. ಕ್ಯಾಶ್ ಮಾತ್ರ ಬೇಡ. ನೀವು ಬರೆದಿರುವ ಗಂಟೆ ಮತ್ತು ಸಂಬಳದಲ್ಲಿ ನಿಮ್ಮ ಚೆಕ್ಕೂ ನಿಲ್ಲುವುದಿಲ್ಲ, ಮಗಳದ್ದೂ ನಿಲ್ಲುವುದಿಲ್ಲ, ಮೆಡಿಕೇರೂ ಹೋಗುವುದಿಲ್ಲ. ಇದು ನನ್ನ ಸಮಾಧಾನದ ಮಾತಲ್ಲ, ನಿಯಮದಲ್ಲೇ ಹಾಗಿದೆ. ಕಾಯಿಲೆಯ ನಡುವೆಯೂ ದುಡಿಯಲು ಪ್ರಯತ್ನಿಸುವವರಿಗೆ ಕಾನೂನು ಸಾಕಷ್ಟು ರಕ್ಷಣೆ ಕೊಟ್ಟಿದೆ. ನಮ್ಮವರ ಮನೆಗಳಲ್ಲಿ ಆ ರಕ್ಷಣೆಯ ಮಾತೇ ಬರುವುದಿಲ್ಲ, ಬರೀ ಭಯ ಓಡಾಡುತ್ತದೆ. ದುಡಿಯಬಲ್ಲ ಎಷ್ಟೋ ಜನ ಅದೇ ಭಯದಿಂದ ವರ್ಷಗಟ್ಟಲೆ ಮನೆಯಲ್ಲೇ ಕೂತುಬಿಡುತ್ತಾರೆ. ನನಗೆ ಬೇಸರವಾಗುವುದು ಅದಕ್ಕೇ.

ನಿಮಗೆ ಬರುತ್ತಿರುವುದು ಯಾವ ಹಣ ಎಂಬುದು ಮೊದಲು ಸ್ಪಷ್ಟವಾಗಲಿ. ಎಸ್‌ಎಸ್‌ಡಿಐ ಎಂಬುದು ವಿಮೆ. ನೀವು ಟೆಸ್ಟಿಂಗ್ ಕೆಲಸದಲ್ಲಿದ್ದಾಗ ಪ್ರತಿ ಸಂಬಳದಿಂದ ಸೋಶಿಯಲ್ ಸೆಕ್ಯುರಿಟಿಗೆ ಶೇಕಡ 6.2 ಕಡಿತವಾಗುತ್ತಿತ್ತು, ಕಂಪನಿಯೂ ಅಷ್ಟೇ ಕಟ್ಟುತ್ತಿತ್ತು. ಅದರ ಮೇಲೆ ಬಂದ ಹಕ್ಕು ಇದು. ಹಾಗಾಗಿ ನಿಮ್ಮ ಯಜಮಾನರ ಸಂಬಳ ಎಷ್ಟು, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಎಸ್‌ಎಸ್‌ಐ ಎಂಬ ಇನ್ನೊಂದು ಯೋಜನೆಯಿದೆ, ಬಡತನ ನೋಡಿ ಕೊಡುವಂಥದ್ದು, ಅದರ ಲೆಕ್ಕವೇ ಬೇರೆ. ಜನ ಎರಡನ್ನೂ 'ಡಿಸಬಿಲಿಟಿ' ಎಂದೇ ಕರೆಯುವುದರಿಂದ ಒಬ್ಬರಿಗೆ ಆದದ್ದನ್ನು ಕೇಳಿ ಇನ್ನೊಬ್ಬರು ಹೆದರುತ್ತಾರೆ. ನಿಮ್ಮ ಮನೆಯವರಿಗೂ ಯಾರೋ ಎಸ್‌ಎಸ್‌ಐ ಕತೆ ಹೇಳಿರಬಹುದು.

ಈಗ ನಿಮ್ಮ ಲೆಕ್ಕ. ವಾರಕ್ಕೆ 15 ಗಂಟೆ, ಗಂಟೆಗೆ 22 ಡಾಲರ್ ಅಂದರೆ ವಾರಕ್ಕೆ 330, ತಿಂಗಳಿಗೆ ಸರಾಸರಿ 1,430 ಡಾಲರ್. ಇದು ಟ್ಯಾಕ್ಸ್ ಕಳೆಯುವ ಮುಂಚಿನ ಮೊತ್ತ. ಸೋಶಿಯಲ್ ಸೆಕ್ಯುರಿಟಿಯವರು ನೋಡುವುದೂ ಅದನ್ನೇ, ಕೈಗೆ ಬರುವ ಹಣವನ್ನಲ್ಲ. 2025ರ ಎರಡು ಅಂಕಿಗಳನ್ನು ಇದರ ಪಕ್ಕದಲ್ಲಿ ಬರೆದುಕೊಳ್ಳಿ: 1,160 ಮತ್ತು 1,620. ಇವು ಸಾಮಾನ್ಯವಾಗಿ ಪ್ರತಿ ಜನವರಿಯಲ್ಲಿ ಸ್ವಲ್ಪ ಏರುತ್ತವೆ, ನೀವು ಕೆಲಸ ಶುರುಮಾಡುವ ವರ್ಷದ್ದನ್ನು ನೋಡಿಕೊಳ್ಳಿ. ನಿಮ್ಮ 1,430 ಮೊದಲನೆಯದನ್ನು ದಾಟುತ್ತದೆ, ಎರಡನೆಯದರ ಒಳಗೇ ನಿಲ್ಲುತ್ತದೆ.

ಮೊದಲನೆಯ ಅಂಕಿ ಕೆಲಸ ಮಾಡಿ ನೋಡುವ ಅವಧಿಗೆ, ಅಂದರೆ ಟ್ರಯಲ್ ವರ್ಕ್ ಪೀರಿಯಡ್‌ಗೆ ಸಂಬಂಧಿಸಿದ್ದು. ತಿಂಗಳಿಗೆ 1,160 ಡಾಲರ್ ದಾಟಿ ದುಡಿದರೆ ಆ ತಿಂಗಳು ಒಂದು ಟ್ರಯಲ್ ತಿಂಗಳು ಎಂದು ಲೆಕ್ಕಕ್ಕೆ ಬರುತ್ತದೆ. ಇಂಥ ಒಂಬತ್ತು ತಿಂಗಳು ನಿಮಗಿವೆ. ಒಂದರ ಹಿಂದೊಂದು ಬರಬೇಕೆಂದಿಲ್ಲ, ಯಾವುದೇ 60 ತಿಂಗಳ ಅವಧಿಯೊಳಗೆ ಒಂಬತ್ತು ಆಗಬೇಕು. ಈ ಒಂಬತ್ತರಲ್ಲಿ ನೀವು ಎಷ್ಟೇ ಸಂಪಾದಿಸಿ, ಐದು ಸಾವಿರವಾದರೂ ಸರಿ, ಎಸ್‌ಎಸ್‌ಡಿಐ ಪೂರ್ತಿ ಬರುತ್ತದೆ. ಷರತ್ತು ಎರಡೇ: ಕಾಯಿಲೆ ಮುಂದುವರಿದಿರಬೇಕು, ಕೆಲಸ ಮಾಡುತ್ತಿರುವುದನ್ನು ತಿಳಿಸಿರಬೇಕು. ಮೂರು ವರ್ಷದ ಹಿಂದೆ ಮಂಜೂರಾತಿ ಬಂದ ಮೇಲೆ ನೀವು ಮಧ್ಯೆ ಎಲ್ಲಾದರೂ ಸ್ವಲ್ಪ ಕೆಲಸ ಮಾಡಿದ್ದರೆ ಒಂದೆರಡು ತಿಂಗಳು ಆಗಲೇ ಖರ್ಚಾಗಿರಬಹುದು. ಎಷ್ಟು ಉಳಿದಿವೆ ಎಂದು ತಿಳಿಯುವ ದಾರಿಯನ್ನು ಮುಂದೆ ಹೇಳುತ್ತೇನೆ.

ಒಂಬತ್ತು ತಿಂಗಳು ಮುಗಿದ ಮೇಲೆ ಎರಡನೆಯ ಅಂಕಿ ಮುಖ್ಯವಾಗುತ್ತದೆ. ತಿಂಗಳಿಗೆ 1,620 ಡಾಲರ್ ದಾಟುವ ದುಡಿಮೆಯನ್ನು ಎಸ್‌ಜಿಎ ಅನ್ನುತ್ತಾರೆ, ಅಂದರೆ ಸ್ವಂತ ಕಾಲ ಮೇಲೆ ನಿಲ್ಲುವಷ್ಟು ದುಡಿಮೆ. ದೃಷ್ಟಿಹೀನರಿಗೆ ಈ ಗಡಿ 2025ರಲ್ಲಿ 2,700 ಇತ್ತು. ನೀವು 1,430ರಲ್ಲೇ ಇದ್ದರೆ ಟ್ರಯಲ್ ಮುಗಿದರೂ ಚೆಕ್ ಎಂದಿನಂತೆ ಬರುತ್ತದೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಕಾಯಿಲೆ ಇರುವವರೆಗೆ, ದುಡಿಮೆ ಗಡಿಯೊಳಗೆ ಇರುವವರೆಗೆ. 'ಒಂಬತ್ತು ತಿಂಗಳಾದ ಮೇಲೆ ನಿಲ್ಲಿಸುತ್ತಾರೆ' ಎಂದು ಜನ ಹೇಳುವುದು ಅರ್ಧ ಸತ್ಯ. ಗಡಿ ದಾಟಿದವರಿಗೆ ಮಾತ್ರ ನಿಲ್ಲಿಸುತ್ತಾರೆ.

ದಾಟಿದರೂ ಬಾಗಿಲು ಒಮ್ಮೆಲೇ ಮುಚ್ಚುವುದಿಲ್ಲ. ಒಂಬತ್ತನೆಯ ಟ್ರಯಲ್ ತಿಂಗಳ ಮರುತಿಂಗಳಿಂದ 36 ತಿಂಗಳ ಇನ್ನೊಂದು ಅವಧಿ ಶುರುವಾಗುತ್ತದೆ. ಅದರಲ್ಲಿ ಮೊದಲ ಸಲ ಗಡಿ ದಾಟಿದ ತಿಂಗಳಿಗೂ, ಅದರ ಮುಂದಿನ ಎರಡು ತಿಂಗಳಿಗೂ ಹಣ ಕೊಡುತ್ತಾರೆ. ಆಮೇಲೆ ದಾಟಿದ ತಿಂಗಳಿಗೆ ಇಲ್ಲ, ದಾಟದ ತಿಂಗಳಿಗೆ ಉಂಟು. ಹೊಸ ಅರ್ಜಿ ಬೇಕಿಲ್ಲ. ನಿಮ್ಮ ಕಾಯಿಲೆ ಒಮ್ಮೆ ಉಲ್ಬಣಿಸಿ ಒಮ್ಮೆ ತಗ್ಗುವಂಥದ್ದಾದ್ದರಿಂದ ಈ ಏರ್ಪಾಡು ನಿಮ್ಮಂಥವರಿಗೆ ಬಹಳ ಉಪಯೋಗದ್ದು: ಆರು ವಾರ ಹಾಸಿಗೆ ಹಿಡಿದು ಸಂಬಳ ಕಡಿಮೆಯಾದರೆ ಚೆಕ್ ಮತ್ತೆ ಬರುತ್ತದೆ. 36 ತಿಂಗಳು ಕಳೆದ ಮೇಲೆ ಗಡಿ ದಾಟಿದರೆ ಮಾತ್ರ ಅರ್ಹತೆಯೇ ಮುಗಿಯುತ್ತದೆ. ಅಲ್ಲಿಗೂ ಒಂದು ದಾರಿ ಉಳಿದಿರುತ್ತದೆ. ಹಾಗೆ ಮುಗಿದ ಐದು ವರ್ಷದೊಳಗೆ ಅದೇ ಕಾಯಿಲೆಯಿಂದ ಮತ್ತೆ ಕೆಲಸ ಕೈಬಿಟ್ಟರೆ, ಮೊದಲಿನಿಂದ ಅರ್ಜಿ ಹಾಕದೆ ಹಣವನ್ನು ಬೇಗ ಮತ್ತೆ ಶುರುಮಾಡುವ 'ಎಕ್ಸ್‌ಪಿಡೈಟೆಡ್ ರೀಇನ್‌ಸ್ಟೇಟ್‌ಮೆಂಟ್' ಕೇಳಬಹುದು. ಅವರು ತೀರ್ಮಾನಿಸುವವರೆಗೆ ಆರು ತಿಂಗಳ ತನಕ ತಾತ್ಕಾಲಿಕ ಹಣವೂ ಬರುತ್ತದೆ.

ಇಷ್ಟು ಓದಿ 'ಹಾಗಾದರೆ 20 ಗಂಟೆ ಮಾಡೋಣ' ಅನ್ನಿಸಬಹುದು. ಅಲ್ಲಿ ಒಂದು ನಿಮಿಷ ನಿಲ್ಲಿ. 20 ಗಂಟೆಗೆ ತಿಂಗಳ ಸಂಬಳ ಸುಮಾರು 1,906 ಡಾಲರ್, ಗಡಿಗಿಂತ ಜಾಸ್ತಿ. ಟ್ರಯಲ್ ಮುಗಿದ ಮೇಲೆ ಆ ಐದು ಹೆಚ್ಚುವರಿ ಗಂಟೆಗಳಿಂದ ಬರುವುದು 476 ಡಾಲರ್, ಹೋಗುವುದು 2,140. ನಿಮ್ಮದು ನಿಂತ ತಿಂಗಳು ಮಗಳದ್ದೂ ನಿಲ್ಲುತ್ತದೆ. ಎಸ್‌ಎಸ್‌ಡಿಐಯಲ್ಲಿ ದುಡಿದಷ್ಟಕ್ಕೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪವಾಗಿ ಕಡಿತ ಮಾಡುವ ಪದ್ಧತಿ ಇಲ್ಲ. ಗಡಿಯೊಳಗಿದ್ದರೆ ಪೂರ್ತಿ, ದಾಟಿದರೆ ಸೊನ್ನೆ. ಇದು ಈ ಕಾನೂನಿನ ದೊಡ್ಡ ದೋಷ ಎಂದು ನಾನು ನಂಬಿದ್ದೇನೆ. ಆದರೆ ಬದಲಾಗುವವರೆಗೆ ಬದುಕಬೇಕಾದ್ದು ಇದೇ ಲೆಕ್ಕದೊಳಗೆ. ಆದ್ದರಿಂದ ಗಂಟೆ ಏರಿಸುವುದಾದರೆ ಎಸ್‌ಎಸ್‌ಡಿಐ ಬಿಟ್ಟರೂ ಮನೆ ನಡೆಯುವಷ್ಟು ಏರಿಸಿ, ಇಲ್ಲವೇ ಗಡಿಯೊಳಗೇ ಇರಿ. ನಡುವೆ ಸಿಕ್ಕಿಹಾಕಿಕೊಳ್ಳಬೇಡಿ.

ಗಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳುವ ಉಪಾಯಗಳೂ ಕಾನೂನಿನಲ್ಲೇ ಇವೆ. ಕಾಯಿಲೆಯ ಕಾರಣದಿಂದ, ಕೆಲಸ ಮಾಡಲು ಬೇಕಾಗಿ ನಿಮ್ಮ ಕೈಯಿಂದ ಕೊಟ್ಟ ಖರ್ಚನ್ನು ಸಂಬಳದಿಂದ ಕಳೆದು ಲೆಕ್ಕ ಹಾಕುತ್ತಾರೆ. ಕಾಯಿಲೆಯನ್ನು ಹತೋಟಿಯಲ್ಲಿಡುವ ಔಷಧಿಗೆ ನೀವು ಕೊಡುವ ಪಾಲು (ಕೋಪೇ), ನಡೆಯಲು ಬೇಕಾದ ಸಾಧನ, ಬಸ್ಸು ರೈಲು ಹತ್ತಲಾಗದವರಿಗೆ ಬೇಕಾಗುವ ವಿಶೇಷ ವಾಹನ, ಕೆಲಸಕ್ಕೆ ಹೊರಡಿಸಲು ಬರುವ ಸಹಾಯಕರು ಎಲ್ಲ ಇದರಲ್ಲಿ ಬರುತ್ತವೆ. ಇನ್ಶೂರೆನ್ಸ್ ವಾಪಸು ಕೊಟ್ಟ ಹಣ ಬರುವುದಿಲ್ಲ. ಉದಾಹರಣೆಗೆ ನೀವು ಮುಂದೆ 18 ಗಂಟೆ ಮಾಡಿದರೆ ಸಂಬಳ 1,716 ಆಗಿ ಗಡಿ ದಾಟುತ್ತದೆ. ಔಷಧಿಗೆ ತಿಂಗಳಿಗೆ 150 ಡಾಲರ್ ನಿಮ್ಮ ಕೈಯಿಂದ ಹೋಗುತ್ತಿದ್ದರೆ ಉಳಿಯುವುದು 1,566, ಮತ್ತೆ ಗಡಿಯೊಳಗೆ. ರಸೀದಿಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ. ಒಂದು ಸೂಕ್ಷ್ಮ ಇದೆ: ಟ್ರಯಲ್ ತಿಂಗಳನ್ನು ಎಣಿಸುವಾಗ ಈ ಕಳೆಯುವಿಕೆ ಇಲ್ಲ. ಅಲ್ಲಿ ಪೂರ್ತಿ ಸಂಬಳವನ್ನೇ ನೋಡುತ್ತಾರೆ.

ಆಫೀಸಿನವರು ನಿಮ್ಮ ಸ್ಥಿತಿ ನೋಡಿ ವಿಶೇಷ ರಿಯಾಯಿತಿ ಕೊಟ್ಟರೂ ಅದಕ್ಕೆ ಬೆಲೆಯಿದೆ. ಬೇರೆಯವರಿಗಿಂತ ಹೆಚ್ಚು ವಿರಾಮ, ಅರ್ಧ ಕೆಲಸ ಇನ್ನೊಬ್ಬರು ಮಾಡಿಕೊಡುವುದು, ತಪ್ಪುಗಳನ್ನು ತಿದ್ದಲು ಒಬ್ಬರು ಪಕ್ಕದಲ್ಲಿರುವುದು, ಇಂಥವಿದ್ದೂ ಪೂರ್ತಿ ಸಂಬಳ ಕೊಡುತ್ತಿದ್ದರೆ, ಅದರಲ್ಲಿ ಒಂದು ಭಾಗ ನಿಮ್ಮ ದುಡಿಮೆಯ ಬೆಲೆಯಲ್ಲ ಎಂದು ಒಪ್ಪಿ ಆ ಭಾಗವನ್ನು ಲೆಕ್ಕದಿಂದ ಬಿಡುತ್ತಾರೆ. ಅದಕ್ಕೆ ಆಫೀಸಿನವರೇ ತುಂಬಿಕೊಡಬೇಕಾದ ಎಸ್‌ಎಸ್‌ಎ-3033 ಎಂಬ ಫಾರಂ ಇದೆ. ನಮ್ಮ ಜನ ಸಂಕೋಚದಿಂದ ಇದನ್ನು ಕೇಳುವುದಿಲ್ಲ. ಕೇಳಿ.

ಈಗ ಪೇಚೆಕ್ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ, ಎಲ್ಲ ಸರಿಯಿದ್ದವರೂ ತೊಂದರೆಗೆ ಬೀಳುವ ಜಾಗ ಇದು. ಎರಡು ವಾರಕ್ಕೊಮ್ಮೆ ಸಂಬಳ ಕೊಡುವ ಕಡೆ ವರ್ಷಕ್ಕೆ 26 ಪೇಚೆಕ್ ಬರುತ್ತವೆ, ಅಂದರೆ ವರ್ಷದಲ್ಲಿ ಎರಡು ತಿಂಗಳು ಮೂರು ಮೂರು ಚೆಕ್. ನಿಮ್ಮ ಒಂದು ಚೆಕ್ 660 ಡಾಲರ್, ಮೂರು ಸೇರಿದರೆ 1,980. ಕಾಗದದ ಮೇಲೆ ಆ ತಿಂಗಳು ನೀವು ಗಡಿ ದಾಟಿದ ಹಾಗೆ ಕಾಣುತ್ತದೆ. ನಿಜದಲ್ಲಿ ದಾಟಿಲ್ಲ. ದಿನಕ್ಕೆ ಮೂರು ಗಂಟೆಯಂತೆ ವಾರಕ್ಕೆ ಐದು ದಿನ ಮಾಡಿದರೆ, 23 ಕೆಲಸದ ದಿನಗಳಿರುವ ದೊಡ್ಡ ತಿಂಗಳಲ್ಲೂ ದುಡಿಮೆ 69 ಗಂಟೆ, 1,518 ಡಾಲರ್ ಅಷ್ಟೇ. ಎಸ್‌ಎಸ್‌ಡಿಐಯಲ್ಲಿ ಎಣಿಸಬೇಕಾದದ್ದು ಹಣ ಬಂದ ತಿಂಗಳಲ್ಲ, ದುಡಿದ ತಿಂಗಳು. ಆದರೆ ದುಡಿದದ್ದು ಯಾವಾಗ ಎಂಬುದಕ್ಕೆ ದಾಖಲೆ ಸಿಗದಿದ್ದರೆ ಹಣ ಬಂದ ತಿಂಗಳನ್ನೇ ದುಡಿದ ತಿಂಗಳೆಂದು ಹಿಡಿಯಲು 2015ರ ಕಾನೂನು ಅವಕಾಶ ಕೊಟ್ಟಿದೆ. ಆದ್ದರಿಂದ ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದಿರಿ ಎಂದು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ, ಪೇ ಸ್ಟಬ್‌ಗಳನ್ನು ಅದರ ಜೊತೆಗೇ ಇಡಿ. ಆ ಮೂರು ಚೆಕ್ಕಿನ ತಿಂಗಳ ಬಗ್ಗೆ ಅವರು ಕೇಳಿದರೆ ಉತ್ತರ ಆ ಪುಸ್ತಕದಲ್ಲಿರುತ್ತದೆ.

ನಿಮ್ಮ ಮನೆಯವರ ಮುಖ್ಯ ಭಯಕ್ಕೆ ಬರುತ್ತೇನೆ: 'ಕೆಲಸ ಮಾಡಬಲ್ಲೆ ಅಂತ ಗೊತ್ತಾದರೆ ಕಾಯಿಲೆಯೇ ಇಲ್ಲ ಅನ್ನುತ್ತಾರೆ.' ನೀವು ಎಸ್‌ಎಸ್‌ಡಿಐ ಪಡೆಯಲು ಶುರುಮಾಡಿ 24 ತಿಂಗಳು ದಾಟಿದೆ. ಹಾಗೆ ದಾಟಿದವರ ಮೇಲೆ, ಕೆಲಸಕ್ಕೆ ಸೇರಿದರು ಎಂಬ ಒಂದೇ ಕಾರಣಕ್ಕೆ ವೈದ್ಯಕೀಯ ಮರುಪರಿಶೀಲನೆ ಶುರುಮಾಡುವಂತಿಲ್ಲ. 1999ರ ಟಿಕೆಟ್ ಟು ವರ್ಕ್ ಕಾನೂನು ತಂದ ರಕ್ಷಣೆ ಇದು. ಮಾಮೂಲಿಯಾಗಿ ಕೆಲವು ವರ್ಷಕ್ಕೊಮ್ಮೆ ಬರುವ ಪರಿಶೀಲನೆ ಬಂದೇ ಬರುತ್ತದೆ, ಅದನ್ನು ಕೆಲಸ ಮಾಡದವರೂ ಎದುರಿಸಬೇಕು. ಅದು ಬೇಡವೆಂದರೆ ಅದೇ ಕಾನೂನಿನ ಟಿಕೆಟ್ ಎಂಬ ವ್ಯವಸ್ಥೆಗೆ ಸೇರಬಹುದು. ಒಪ್ಪಿತ ಸಂಸ್ಥೆಯೊಂದರ ಜೊತೆ ಅಥವಾ ಕೆಲಸಕ್ಕೆ ಮರಳಲು ನೆರವಾಗುವ ರಾಜ್ಯದ ವೊಕೇಶನಲ್ ರಿಹ್ಯಾಬಿಲಿಟೇಶನ್ ಇಲಾಖೆಯ ಜೊತೆ ಯೋಜನೆ ಮಾಡಿಕೊಂಡು ಅದರಂತೆ ಮುಂದುವರಿಯುತ್ತಿದ್ದರೆ ಮಾಮೂಲಿ ಪರಿಶೀಲನೆಯನ್ನೂ ತಡೆಹಿಡಿಯುತ್ತಾರೆ. ಉಚಿತ, ಕಡ್ಡಾಯವಲ್ಲ. ಜೊತೆಗೆ ನರರೋಗದ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಕೆಲಸ ಮಾಡಿದ ಮರುದಿನ ಎಷ್ಟು ಸುಸ್ತಾಗುತ್ತದೆ, ಯಾವ ದಿನ ಆಗುವುದೇ ಇಲ್ಲ ಎಂಬುದನ್ನೂ ಅವರಿಗೆ ಹೇಳಿ. 'ಚೆನ್ನಾಗಿದ್ದೇನೆ ಡಾಕ್ಟ್ರೇ' ಎಂದು ಸೌಜನ್ಯಕ್ಕೆ ಹೇಳಿದ ಮಾತೂ ಫೈಲಿನಲ್ಲಿ ಉಳಿಯುತ್ತದೆ.

ಮೆಡಿಕೇರ್ ಬಗ್ಗೆ ಚಿಂತೆಯೇ ಬೇಡ. ನಿಮ್ಮ ಲೆಕ್ಕದಲ್ಲಿ ಎಸ್‌ಎಸ್‌ಡಿಐ ನಿಲ್ಲುವುದಿಲ್ಲ, ಮೆಡಿಕೇರ್ ಹೋಗುವ ಪ್ರಶ್ನೆಯೂ ಇಲ್ಲ. ಒಂದು ವೇಳೆ ಮುಂದೆ ಹೆಚ್ಚು ದುಡಿದು ಚೆಕ್ ನಿಂತರೂ, ಕಾಯಿಲೆ ಇರುವವರೆಗೆ ಟ್ರಯಲ್ ಮುಗಿದ ಮೇಲೆ ಕನಿಷ್ಠ 93 ತಿಂಗಳು, ಅಂದರೆ ಏಳು ವರ್ಷ ಒಂಬತ್ತು ತಿಂಗಳು, ಮೆಡಿಕೇರ್ ಇರುತ್ತದೆ. ಆಗ ಮೆಡಿಕೇರಿನ ಪಾರ್ಟ್ ಬಿ, ಅಂದರೆ ಡಾಕ್ಟರ ಭೇಟಿಯಂಥ ಖರ್ಚಿನ ಭಾಗದ ಕಂತು (2025ರಲ್ಲಿ ತಿಂಗಳಿಗೆ 185 ಡಾಲರ್ ಇತ್ತು), ಚೆಕ್ಕಿನಿಂದ ಕಡಿತವಾಗುವ ಬದಲು ಬಿಲ್ಲಾಗಿ ಮನೆಗೆ ಬರುತ್ತದೆ. ಕಟ್ಟಲು ಮರೆಯಬಾರದು. ಅದಲ್ಲದೆ ಕೆಲಸ ಮಾಡುವ ಅಂಗವಿಕಲರಿಗೆಂದೇ ನಿಮ್ಮ ರಾಜ್ಯದಲ್ಲಿ ಎನ್‌ಜೆ ವರ್ಕ್‌ಎಬಿಲಿಟಿ ಎಂಬ ಮೆಡಿಕೇಡ್ (ರಾಜ್ಯದ ಮೂಲಕ ನಡೆಯುವ ಸರ್ಕಾರಿ ಆರೋಗ್ಯ ನೆರವು) ಯೋಜನೆ ಇದೆ, ವಿಚಾರಿಸಿ ನೋಡಿ.

ಕ್ಯಾಶ್ ತಗೊಳ್ಳಿ ಅಂದವರು ನಿಮ್ಮ ಒಳ್ಳೆಯದಕ್ಕೇ ಹೇಳಿರಬಹುದು. ಆದರೂ ಅದು ನಿಮ್ಮನ್ನು ಮುಳುಗಿಸುವ ಸಲಹೆ. ದುಡಿಮೆಯನ್ನು ಮುಚ್ಚಿಟ್ಟು ಡಿಸಬಿಲಿಟಿ ಹಣ ಪಡೆಯುವುದು ಐದು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ. ಬಚ್ಚಿಡಲು ಇಲ್ಲಿ ಕಾರಣವೂ ಇಲ್ಲ: ಸರಿಯಾಗಿ ತಿಳಿಸಿದರೂ ನಿಮ್ಮ ಹಣ ಒಂದು ಡಾಲರ್ ಕಡಿಮೆಯಾಗುವುದಿಲ್ಲ. ಯಜಮಾನರ ಹೆಸರಿನಲ್ಲಿ ಚೆಕ್ ಬರೆಸುವುದೂ ಇದೇ ಸಾಲಿಗೆ ಸೇರಿದ್ದು.

ಪ್ರಾಮಾಣಿಕರನ್ನು ಕಾಡುವುದು ಓವರ್‌ಪೇಮೆಂಟ್. ಸೋಶಿಯಲ್ ಸೆಕ್ಯುರಿಟಿಯವರು ಸಂಬಳದ ವಿವರವನ್ನು ಎಷ್ಟೋ ಸಲ ವರ್ಷದ ಕೊನೆಯ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ಮೂಲಕ ತಡವಾಗಿ ನೋಡುತ್ತಾರೆ. ಆ ಹೊತ್ತಿಗೆ ಕೊಡಬಾರದಿದ್ದ ಹಲವು ತಿಂಗಳ ಹಣ ನಿಮ್ಮ ಖಾತೆಗೆ ಬಂದು ಖರ್ಚಾಗಿರುತ್ತದೆ, ಆಮೇಲೆ ಇಷ್ಟು ಸಾವಿರ ವಾಪಸು ಕೊಡಿ ಎಂಬ ಪತ್ರ ಬರುತ್ತದೆ. ಆದ್ದರಿಂದ ಎಂದಾದರೂ ನಿಜವಾಗಿ ಗಡಿ ದಾಟಿದ ತಿಂಗಳಿಗೂ ಚೆಕ್ ಬಂದರೆ ಆ ಹಣ ಮುಟ್ಟಬೇಡಿ, ಬೇರೆ ತೆಗೆದಿಡಿ. ಅಂಥ ಪತ್ರ ಬಂದೇಬಿಟ್ಟರೆ ಹೆದರಿ ಸುಮ್ಮನಿರಬೇಡಿ. ಲೆಕ್ಕ ತಪ್ಪು ಅನ್ನಿಸಿದರೆ 60 ದಿನದೊಳಗೆ ಎಸ್‌ಎಸ್‌ಎ-561 ಫಾರಂ ಹಾಕಿ ಮರುಪರಿಶೀಲನೆ ಕೇಳಬಹುದು. ಲೆಕ್ಕ ಸರಿ, ಆದರೆ ತಪ್ಪು ನಿಮ್ಮದಲ್ಲ, ತೀರಿಸುವ ಶಕ್ತಿಯೂ ಇಲ್ಲ ಎಂದಾದರೆ ಎಸ್‌ಎಸ್‌ಎ-632 ಹಾಕಿ ಮನ್ನಾ ಕೇಳಬಹುದು. 'ತಪ್ಪು ನನ್ನದಲ್ಲ' ಎಂದು ತೋರಿಸಲು ಬೇಕಾಗುವುದು ನೀವು ಆಯಾ ಕಾಲಕ್ಕೆ ತಿಳಿಸಿದ್ದಕ್ಕೆ ರಸೀದಿ. ನೀವು ಕೆಲಸದ ವಿಷಯ ತಿಳಿಸಿದಾಗ ರಸೀದಿ ಕೊಡಲೇಬೇಕೆಂದು 2004ರ ಕಾನೂನು ಹೇಳುತ್ತದೆ. ಫೋನಿನಲ್ಲಿ ಹೇಳಿದರೂ ಸರಿ, ರಸೀದಿ ಕಳಿಸಿ ಎಂದು ಕೇಳಿ ತರಿಸಿಕೊಳ್ಳಿ.

ಟ್ಯಾಕ್ಸ್ ಬಗ್ಗೆ ಎರಡು ಮಾತು. ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕುವಾಗ ಎಸ್‌ಎಸ್‌ಡಿಐಯ ಅರ್ಧ ಮತ್ತು ಉಳಿದ ಆದಾಯ ಸೇರಿ 32,000 ಡಾಲರ್ ದಾಟಿದರೆ ಎಸ್‌ಎಸ್‌ಡಿಐಯ ಒಂದು ಭಾಗದ ಮೇಲೆ ಫೆಡರಲ್ ತೆರಿಗೆ ಬೀಳುತ್ತದೆ. ಯಜಮಾನರು ದುಡಿಯುತ್ತಿದ್ದರೆ ನಿಮ್ಮದು ಆಗಲೇ ಆ ಸಾಲಿನಲ್ಲಿರಬಹುದು. ಹಳೆಯ ಕಂಪನಿಯ ಖಾಸಗಿ ಲಾಂಗ್ ಟರ್ಮ್ ಡಿಸಬಿಲಿಟಿ ಪಾಲಿಸಿಯಿಂದಲೂ ಏನಾದರೂ ಬರುತ್ತಿದ್ದರೆ, ಅದರ ನಿಯಮಕ್ಕೂ ಸರ್ಕಾರದ ನಿಯಮಕ್ಕೂ ಸಂಬಂಧವಿಲ್ಲ. ಕೆಲಸಕ್ಕೆ ಸಹಿ ಹಾಕುವ ಮುಂಚೆ ಆ ಪಾಲಿಸಿ ಓದಿ.

ಎಸ್‌ಎಸ್‌ಐ ಪಡೆಯುವ ಬೇರೆ ಓದುಗರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಅಲ್ಲಿ ಟ್ರಯಲ್ ತಿಂಗಳೂ ಇಲ್ಲ, ದಿಢೀರ್ ಸೊನ್ನೆಯೂ ಇಲ್ಲ. ಬೇರೆ ಆದಾಯವಿಲ್ಲದವರ ತಿಂಗಳ ಸಂಬಳದಲ್ಲಿ ಮೊದಲ 85 ಡಾಲರ್ ಬಿಟ್ಟು ಉಳಿದದ್ದರ ಅರ್ಧವನ್ನು ಮಾತ್ರ ಎಸ್‌ಎಸ್‌ಐಯಿಂದ ಕಳೆಯುತ್ತಾರೆ. 2025ರ ಪೂರ್ಣ ದರ 967 ಡಾಲರ್ ಇತ್ತು. ಆ ದರದಲ್ಲಿ 865 ದುಡಿದವರಿಗೆ 390 ಕಳೆದು 577 ಬರುತ್ತದೆ, ಎರಡೂ ಸೇರಿ 1,442. ಅಂದರೆ ದುಡಿದವರ ಕೈಯಲ್ಲಿ ಹೆಚ್ಚೇ ಉಳಿಯುತ್ತದೆ. ಅಲ್ಲಿ ಎಚ್ಚರ ಬೇಕಾದದ್ದು ಉಳಿತಾಯದಲ್ಲಿ, ಒಬ್ಬರ ಹೆಸರಿನಲ್ಲಿ 2,000 ಡಾಲರ್ ದಾಟುವಂತಿಲ್ಲ. ಸಂಬಳವನ್ನು ಪ್ರತಿ ತಿಂಗಳೂ ಮರುತಿಂಗಳ 10ನೇ ತಾರೀಕಿನೊಳಗೆ ತಿಳಿಸಬೇಕು.

ನೀವು ಮಾಡಬೇಕಾದ ಮೊದಲ ಕೆಲಸ ಸೋಶಿಯಲ್ ಸೆಕ್ಯುರಿಟಿಗೆ 1-800-772-1213ಕ್ಕೆ ಫೋನ್ ಮಾಡಿ ಬಿಪಿಕ್ಯೂವೈ ಎಂಬ ಕಾಗದ ಬೇಕು ಎಂದು ಕೇಳುವುದು. ನಿಮಗೆ ಏನು ಬರುತ್ತಿದೆ, ಎಷ್ಟು ಟ್ರಯಲ್ ತಿಂಗಳು ಬಳಕೆಯಾಗಿವೆ ಎಂಬುದೆಲ್ಲ ಆ ಕಾಗದದಲ್ಲಿರುತ್ತದೆ. ಅದು ಕೈಗೆ ಬಂದ ಮೇಲೆ ಟಿಕೆಟ್ ಟು ವರ್ಕ್ ಸಹಾಯವಾಣಿ 1-866-968-7842ಕ್ಕೆ ಫೋನ್ ಮಾಡಿ ನಿಮ್ಮ ಗಂಟೆ, ಸಂಬಳ ಹೇಳಿ ನಾನು ಇಲ್ಲಿ ಬರೆದ ಲೆಕ್ಕವನ್ನು ಇನ್ನೊಮ್ಮೆ ತಾಳೆ ನೋಡಿಸಿ. ಫೋನಿನ ಹತ್ತಿರ ಯಜಮಾನರನ್ನೂ ಕೂರಿಸಿಕೊಳ್ಳಿ, ಅವರ ಅನುಮಾನಗಳನ್ನು ಅವರೇ ಕೇಳಲಿ. ಆಫೀಸಿನವರಿಗೆ ವಾರಕ್ಕೆ 15 ಗಂಟೆ ಮೀರಿಸಬೇಡಿ, ಓವರ್‌ಟೈಮ್ ಅಥವಾ ಬೋನಸ್ ಕೊಡುವ ಮುಂಚೆ ನನ್ನನ್ನು ಕೇಳಿ ಎಂದು ಮೊದಲೇ ಹೇಳಿಡಿ. ಡಿಸೆಂಬರಿನಲ್ಲಿ ಪ್ರೀತಿಯಿಂದ ಕೊಟ್ಟ ಬೋನಸ್ಸೂ ಸಂಬಳದ ಲೆಕ್ಕಕ್ಕೇ ಸೇರುತ್ತದೆ. ಕೆಲಸ ಶುರುವಾದ ವಾರವೇ ಸೇರಿದ ತಾರೀಕು, ಗಂಟೆ, ದರ, ಔಷಧಿಯ ಖರ್ಚು ಬರೆದು ಸೋಶಿಯಲ್ ಸೆಕ್ಯುರಿಟಿಗೆ ತಿಳಿಸಿ ರಸೀದಿ ಪಡೆಯಿರಿ. ಮುಂದೆ ಗಂಟೆ ಅಥವಾ ದರ ಬದಲಾದಾಗಲೆಲ್ಲ ಮತ್ತೆ ತಿಳಿಸಿ. ಎಂದಾದರೂ ಎಸ್‌ಎಸ್‌ಎ-821 ಎಂಬ ಫಾರಂ ಅಂಚೆಯಲ್ಲಿ ಬಂದರೆ ಗಾಬರಿ ಬೇಡ. ಅದು ನಿಮ್ಮ ಕೆಲಸದ ವಿವರ ಕೇಳುವ ಮಾಮೂಲಿ ಕಾಗದ. ಗಂಟೆ ಬರೆದಿಟ್ಟ ಪುಸ್ತಕ ನೋಡಿಕೊಂಡು ಅದರಲ್ಲಿ ಕೊಟ್ಟ ಗಡುವಿನೊಳಗೆ ತುಂಬಿ, ಒಂದು ಪ್ರತಿ ಇಟ್ಟುಕೊಂಡು ಕಳಿಸಿ.